ಕೊಡಗಿನ ಮಂಜಿನಲ್ಲಿ ಕರಾವಳಿಯ ಭೂತ: ‘ರಂಗಿತರಂಗ’ದ ತೆರೆಮರೆ

ಕಮರೊಟ್ಟು ಎಂಬ ಊರು ಕರ್ನಾಟಕದ ಭೂಪಟದಲ್ಲಿಲ್ಲ. ಆದರೂ 2015ರ ಜುಲೈ 3ರಂದು ‘ರಂಗಿತರಂಗ’ ತೆರೆಕಂಡ ಬಳಿಕ ಕನ್ನಡ ಪ್ರೇಕ್ಷಕರಿಗೆ ಆ ಊರು ಚಿರಪರಿಚಿತವಾಯಿತು. ಕಥೆಯಲ್ಲಿ ಕಮರೊಟ್ಟು ತುಳುನಾಡಿನ ಹಳ್ಳಿ. ತೆರೆಯ ಮೇಲೆ ಅದಕ್ಕೆ ರೂಪ ಕೊಟ್ಟದ್ದು ಬಹುಮಟ್ಟಿಗೆ ಕೊಡಗಿನ ಮಡಿಕೇರಿ ಪರಿಸರ.

ಕಥೆಯ ಹಂದರ

ಅನಾಮಿಕನಾಗಿ ಬರೆಯುವ ಕಾದಂಬರಿಕಾರ ಗೌತಮ್ ಊಟಿಯಲ್ಲಿ ನೆಲೆಸಿದ್ದಾನೆ. ಗರ್ಭಿಣಿ ಪತ್ನಿ ಇಂದುವಿಗೆ ದುಃಸ್ವಪ್ನಗಳ ಕಾಟ. ಪರಿಹಾರ ಅರಸಿ ದಂಪತಿ ಕಮರೊಟ್ಟುವಿನ ಹಳೆಯ ಮನೆಗೆ ಬರುತ್ತಾರೆ. ಊರಿನವರು ಭೂತದ ಭಯದಿಂದ ದೂರವಿಟ್ಟ ಆ ಮನೆಯಲ್ಲಿ ಇಂದು ಕಣ್ಮರೆಯಾಗುತ್ತಾಳೆ. ಕಾದಂಬರಿಕಾರನ ಗುರುತು ಹುಡುಕುತ್ತಿರುವ ಪತ್ರಕರ್ತೆ ಸಂಧ್ಯಾಳ ಎಳೆಯೂ ಇದರೊಂದಿಗೆ ಸೇರಿಕೊಳ್ಳುತ್ತದೆ. ಭೂತದ ಕಥೆಯ ಮರೆಯಲ್ಲಿ ಮನುಷ್ಯನ ಅಪರಾಧವೊಂದು ಅಡಗಿದೆ ಎಂಬುದೇ ಚಿತ್ರದ ತಿರುಳು.

ತೆರೆಯ ಹಿಂದೆ

ನಿರ್ದೇಶಕ ಅನೂಪ್ ಭಂಡಾರಿಗೆ ಇದು ಚೊಚ್ಚಲ ಚಿತ್ರ. ಕಥೆ, ಗೀತರಚನೆ, ಹಾಡುಗಳ ಸಂಗೀತವೂ ಅವರದೇ. ನಾಯಕ ನಿರೂಪ್ ಭಂಡಾರಿ ಅವರ ಸಹೋದರ. ರಾಧಿಕಾ ಚೇತನ್, ಅವಂತಿಕಾ ಶೆಟ್ಟಿ ಮತ್ತು ಸಾಯಿಕುಮಾರ್ ಉಳಿದ ಮುಖ್ಯ ಪಾತ್ರಗಳಲ್ಲಿದ್ದಾರೆ. ನಿರ್ಮಾಪಕರು ಎಚ್.ಕೆ. ಪ್ರಕಾಶ್. ಲ್ಯಾನ್ಸ್ ಕಪ್ಲಾನ್ ಮತ್ತು ವಿಲಿಯಂ ಡೇವಿಡ್ ಛಾಯಾಗ್ರಹಣ ನಿರ್ವಹಿಸಿದರೆ, ಹಿನ್ನೆಲೆ ಸಂಗೀತ ಅಜನೀಶ್ ಲೋಕನಾಥ್ ಅವರದು. ‘ಡೆನ್ನಾನ ಡೆನ್ನಾನ’ ಹಾಡು ಸದಾನಂದ ಸುವರ್ಣರ ‘ಗುಡ್ಡದ ಭೂತ’ ಧಾರಾವಾಹಿಯನ್ನು ದೂರದರ್ಶನದಲ್ಲಿ ಕಂಡವರಿಗೆ ಹಳೆಯ ನೆನಪನ್ನು ಮರಳಿಸಿತು.

ಹೊಸಬರ ಈ ಚಿತ್ರ ತೆರೆಕಂಡ ಒಂದೇ ವಾರಕ್ಕೆ, ಜುಲೈ 10ರಂದು, ‘ಬಾಹುಬಲಿ’ ಬಂತು. ಆ ಅಬ್ಬರದ ನಡುವೆಯೂ ನೋಡಿದವರ ಬಾಯಿಮಾತಿನ ಬಲದಿಂದಲೇ ‘ರಂಗಿತರಂಗ’ ನಿಂತು, ಶತದಿನ ಪೂರೈಸಿತು.

ಕೊಡಗು ಮತ್ತು ಕ್ಯಾಮೆರಾ

ಕೊಡಗು ಸಿನಿಮಾಕ್ಕೆ ಹೊಸತಲ್ಲ. ‘ಶರಪಂಜರ’ (1971), ‘ಮುತ್ತಿನ ಹಾರ’ (1990) ಚಿತ್ರಗಳಲ್ಲಿ ಈ ನಾಡು ಕಾಣಿಸಿಕೊಂಡಿತ್ತು. ‘ಗಾಳಿಪಟ’ದ (2008) ನಂತರ ಮಾಂದಲಪಟ್ಟಿಗೆ ‘ಮುಗಿಲುಪೇಟೆ’ ಎಂಬ ಹೆಸರೇ ಅಂಟಿಕೊಂಡಿತು. ಆ ಚಿತ್ರದಲ್ಲಿ ಪ್ರೇಮಕ್ಕೆ ಒದಗಿದ ಮಂಜೇ ‘ರಂಗಿತರಂಗ’ದಲ್ಲಿ ಭಯಕ್ಕೆ ಒದಗಿದೆ. ಹತ್ತು ಹೆಜ್ಜೆಯಾಚೆಗಿನದು ಕಾಣದಿದ್ದರೆ ಅಲ್ಲಿ ಏನಿದೆಯೆಂಬುದನ್ನು ನೋಡುಗನ ಮನಸ್ಸೇ ಕಲ್ಪಿಸಿಕೊಳ್ಳುತ್ತದೆ.

ಆದರೆ ಚಿತ್ರದ ‘ಭೂತದ ಮನೆ’ ಕೊಡಗಿನ ಕಲ್ಪನೆಯಲ್ಲ. ಕೊಡವ ಒಕ್ಕದ ಐನ್‌ಮನೆಯಲ್ಲಿ ಗತಿಸಿದ ಹಿರಿಯರು ಭಯಪಡಿಸುವವರಲ್ಲ, ಕಾಯುವವರು. ನೆಲ್ಲಕ್ಕಿ ನಡುಬಾಡೆಯಲ್ಲಿ ಅವರನ್ನು ಸ್ಮರಿಸಿ ದೀಪ ಹಚ್ಚಲಾಗುತ್ತದೆ. ಕೈಮಡದಲ್ಲಿ ಅವರಿಗೆ ಸ್ಥಾನವಿದೆ. ‘ಕಾರಣಂಗ್ ಕೊಡ್ಪ’ ಆಚರಣೆಯಲ್ಲಿ ಎಡೆ ಸಲ್ಲುತ್ತದೆ. ಚಿತ್ರ ಕೊಡಗಿನಿಂದ ಪಡೆದದ್ದು ಹಸಿರನ್ನು, ಮಂಜನ್ನು. ನಂಬಿಕೆಯನ್ನು ತಂದದ್ದು ಕರಾವಳಿಯಿಂದ. ಕೊಡಗನ್ನು ತೆರೆಯ ಮೇಲಷ್ಟೇ ಕಂಡವರು ಈ ಎರಡನ್ನೂ ಬೆರೆಸಬಾರದು.

ಮತ್ತೆ ಕಮರೊಟ್ಟು

ಅನೂಪ್ ಭಂಡಾರಿ ‘ವಿಕ್ರಾಂತ್ ರೋಣ’ದಲ್ಲಿ (2022) ಪುನಃ ಕಮರೊಟ್ಟುವಿಗೆ ಮರಳಿದರು. ಈ ಬಾರಿ ಊರೂ ಕಾಡೂ ಬಹುಪಾಲು ಹೈದರಾಬಾದಿನ ಅನ್ನಪೂರ್ಣ ಸ್ಟುಡಿಯೊದ ಸೆಟ್‌ಗಳಲ್ಲಿ ಎದ್ದುನಿಂತವು. ಮೊದಲ ಚಿತ್ರಕ್ಕೆ ಮಡಿಕೇರಿಯ ನಿಸರ್ಗವೇ ಕೊಟ್ಟದ್ದನ್ನು ಎರಡನೆಯದಕ್ಕೆ ಕುಶಲಕರ್ಮಿಗಳು ಕಟ್ಟಿಕೊಡಬೇಕಾಯಿತು.