ಬೀದರ ಸೀಮೆಯ ಮತದಾರರ ಯಾದಿ

ಹುಟ್ಟಿದ ಊರಿನಲ್ಲಿಯೇ ಬಾಳುವವನಿಗೆ ತಾನು ಯಾರೆಂಬುದನ್ನು ರುಜುವಾತುಪಡಿಸುವ ಪ್ರಸಂಗ ಬರುವುದು ವಿರಳ. ತಂದೆಯ ಹೆಸರು, ಮನೆತನ, ಓಣಿ ಇಷ್ಟನ್ನು ಹೇಳಿದರೆ ಊರು ಅವನನ್ನು ಗುರುತಿಸುತ್ತದೆ. ಆದರೆ ರಾಜ್ಯವು ಒಬ್ಬೊಬ್ಬ ಪ್ರಜೆಯನ್ನೂ ಬೇರೆ ಬೇರೆಯಾಗಿ ಎಣಿಸಲು ಹೊರಟಾಗ ಊರಿನ ಗುರುತು ಸಾಲದೆ ಹೋಗುತ್ತದೆ. ಹೆಸರು, ವಯಸ್ಸು, ವಾಸಸ್ಥಳ ಈ ಮೂರನ್ನೂ ಕಾಗದದ ಮೇಲೆ ಸ್ಥಿರಪಡಿಸಬೇಕಾಗುತ್ತದೆ. ಮತದಾರರ ಯಾದಿ ನಿಂತಿರುವುದು ಈ ಮೂರರ ಮೇಲೆಯೇ. ಬೀದರ ನಗರ, ಭಾಲ್ಕಿ, ಔರಾದ ಈ ಸೀಮೆಯಲ್ಲಾದರೋ ಆ ಮೂರೂ ಒಂದೇ ತಲೆಮಾರಿನ ಕಾಲದಲ್ಲಿ ಕದಲಿದವು. ಆದುದರಿಂದ ಇಲ್ಲಿಯ ಜನರು ಯಾದಿಯೊಳಗೆ ಬಂದ ಬಗೆಯು ಇತಿಹಾಸಾಸಕ್ತರು ಲಕ್ಷ್ಯಗೊಟ್ಟು ನೋಡತಕ್ಕ ವಿಷಯವಾಗಿದೆ.

ಈ ಸೀಮೆಯು 1948ರವರೆಗೆ ಹೈದರಾಬಾದ ಸಂಸ್ಥಾನಕ್ಕೆ ಸೇರಿತ್ತು. ನಿಜಾಮ ಸರಕಾರವು 1939ರಲ್ಲಿ ಸಾರಿದ ರಾಜಕೀಯ ಸುಧಾರಣೆಗಳಲ್ಲಿ ಸರ್ವರಿಗೂ ಮತವೆಂಬ ತತ್ತ್ವವೇ ಇರಲಿಲ್ಲ. ಅರವಮುದು ಅಯ್ಯಂಗಾರರ ಸಮಿತಿಯ ಸಲಹೆಯಂತೆ ಪ್ರಜೆಗಳನ್ನು ಜಾಗೀರದಾರರು, ಒಕ್ಕಲಿಗರು, ವರ್ತಕರು, ವಕೀಲರು ಎಂದು ಹಿತವರ್ಗಗಳಾಗಿ ವಿಂಗಡಿಸಿ ಪ್ರಾತಿನಿಧ್ಯ ಕೊಡುವ ಏರ್ಪಾಡು ಅದಾಗಿತ್ತು. ಹಾಗೆಂದು ತಾನು ಈ ನೆಲದವನೆಂದು ಸಿದ್ಧಪಡಿಸುವ ಕಷ್ಟ ಇಲ್ಲಿಯವರಿಗೆ ಹೊಸದೇನಲ್ಲ. 1919ರ ಫರ್ಮಾನಿನ ಪ್ರಕಾರ ಸರಕಾರಿ ಚಾಕರಿ ಬೇಕಾದವನು ಮುಲ್ಕಿಯಾಗಿರಬೇಕಿತ್ತು. ಹೊರಗಿನಿಂದ ಬಂದವನಾದರೆ ಹದಿನೈದು ವರ್ಷಗಳ ವಾಸವನ್ನು ತೋರಿಸಬೇಕಿತ್ತು. ಆಗ ರುಜುವಾತು ಬೇಕಾಗಿದ್ದುದು ಚಾಕರಿಯನ್ನು ಅಪೇಕ್ಷಿಸುವ ಕೆಲವರಿಗೆ ಮಾತ್ರ. ಹೊಲದಲ್ಲಿ ದುಡಿಯುವವಳ ಹೆಸರನ್ನು ಸರಕಾರವು ಕೇಳುವ ಕಾಲ ಇನ್ನೂ ಬಂದಿರಲಿಲ್ಲ.

ಆ ಕಾಲ ಬಂದುದು ಸಂವಿಧಾನದೊಡನೆ. ಅದರ 326ನೆಯ ವಿಧಿಯು ಇಪ್ಪತ್ತೊಂದು ವರ್ಷ ತುಂಬಿದ ಪ್ರತಿಯೊಬ್ಬ ನಾಗರಿಕನಿಗೂ ಮತದ ಹಕ್ಕನ್ನು ಕೊಟ್ಟಿತು. 325ನೆಯ ವಿಧಿಯು ಧರ್ಮ, ಕುಲ, ಜಾತಿ, ಲಿಂಗಗಳ ಕಾರಣದಿಂದ ಯಾರನ್ನೂ ಯಾದಿಯಿಂದ ಹೊರಗಿಡಕೂಡದೆಂದು ವಿಧಿಸಿತು. 1950ರ ಪ್ರಜಾಪ್ರಾತಿನಿಧ್ಯ ಕಾಯಿದೆಯ ಮೇರೆಗೆ ಮೊದಲ ಯಾದಿಗೆ ಸೇರಲು 1950ರ ಮಾರ್ಚ 1ಕ್ಕೆ ಇಪ್ಪತ್ತೊಂದು ವಯಸ್ಸಾಗಿರಬೇಕು. 1947ರ ಏಪ್ರಿಲ 1ರಿಂದ 1949ರ ಡಿಸೆಂಬರ 31ರ ಒಳಗೆ 180 ದಿನ ಆ ಕ್ಷೇತ್ರದಲ್ಲಿ ವಾಸಿಸಿರಬೇಕು. ಯಾದಿಯ ಕೆಲಸದವರು ಮನೆಮನೆಗೆ ಹೋಗಿ ಕೇಳಿ ಬರೆದುಕೊಂಡರು. ಮತದಾರನು ಕಚೇರಿಯನ್ನು ಹುಡುಕುವುದಕ್ಕೆ ಬದಲಾಗಿ ಕಚೇರಿಯೇ ಮತದಾರನನ್ನು ಹುಡುಕಿಕೊಂಡು ಹೋಯಿತು. ನೂರರಲ್ಲಿ ಹತ್ತು ಮಂದಿಗೂ ಅಕ್ಷರ ಬಾರದಿದ್ದ ಹೈದರಾಬಾದ ರಾಜ್ಯದಲ್ಲಿ ಬೇರೆ ಮಾರ್ಗವೂ ಇರಲಿಲ್ಲ.

ವಾಸದ ನಿಯಮವು ಬೀದರ ಸೀಮೆಗೆ ಎಷ್ಟು ಸೂಕ್ಷ್ಮವಾಗಿತ್ತೆಂಬುದನ್ನು ತಿಳಿಯಲು 1948ನೆಯ ವರ್ಷವನ್ನು ನೆನೆಯಬೇಕು. ಆ ವರ್ಷದ ಮೊದಲ ತಿಂಗಳುಗಳಲ್ಲಿ ರಜಾಕಾರರ ಹಾವಳಿಗೆ ಅಂಜಿ ಅನೇಕ ಹಿಂದೂ ಕುಟುಂಬಗಳು ಸಂಸ್ಥಾನದ ಗಡಿ ದಾಟಿ ಹೋದವು. ಸೆಪ್ಟೆಂಬರ 13ರಿಂದ 17ರವರೆಗೆ ನಡೆದ ಪೋಲೀಸ ಕಾರ್ಯಾಚರಣೆಯ ಬಳಿಕ ದುಃಖವು ಇನ್ನೊಂದು ಮಗ್ಗುಲಿಗೆ ತಿರುಗಿತು. ಪಂಡಿತ ಸುಂದರಲಾಲರ ಸಮಿತಿಯು ಸಂಸ್ಥಾನದಲ್ಲಿ 27,000ದಿಂದ 40,000 ಜನ, ಮುಖ್ಯವಾಗಿ ಮುಸಲ್ಮಾನರು, ಹತರಾದರೆಂದು ಅಂದಾಜು ಮಾಡಿ, ಹೆಚ್ಚು ಹಾನಿಗೊಂಡ ನಾಲ್ಕು ಜಿಲ್ಲೆಗಳಲ್ಲಿ ಬೀದರವನ್ನೂ ಎಣಿಸಿತು. ಆ ವರದಿಯು ಬಹುಕಾಲ ಪ್ರಕಟವಾಗದೆ ಉಳಿಯಿತು. ಹೀಗೆ ಎರಡೂ ಸಮಾಜದವರು ಮನೆಮಾರು ಬಿಟ್ಟು ಅಲೆದ ಜಿಲ್ಲೆಯಲ್ಲಿ, ಇಂಥ ದಿನ ಇಲ್ಲಿಯೇ ಇದ್ದೆಯಾ ಎಂದು ಕಟ್ಟುನಿಟ್ಟಾಗಿ ಕೇಳಿದ್ದರೆ ಎಷ್ಟೋ ಮನೆಗಳು ಯಾದಿಯಿಂದ ಬಿಟ್ಟುಹೋಗುತ್ತಿದ್ದವು. ಮೂವತ್ತಮೂರು ತಿಂಗಳ ವಿಶಾಲ ಅವಧಿಯಲ್ಲಿ ಆರು ತಿಂಗಳನ್ನು ಮಾತ್ರ ಕೇಳಿದ ಕಾಯಿದೆಯು, ಓಡಿಹೋಗಿ ಹಿಂದಿರುಗಿದವನಿಗೂ ಬಾಗಿಲನ್ನು ತೆರೆದಿಟ್ಟಿತು. ಮುಲ್ಕಿಯ ಹದಿನೈದು ವರ್ಷಗಳನ್ನು ಕಂಡವರಿಗೆ ಇದು ಸಣ್ಣ ಔದಾರ್ಯವಲ್ಲ.

ಇನ್ನು ವಯಸ್ಸಿನ ಮಾತು. ಸಂಸ್ಥಾನದ ದಫ್ತರಗಳಲ್ಲಿ ನಡೆಯುತ್ತಿದ್ದುದು ಫಸಲಿ ಶಕೆ. ಫಸಲಿಗೆ ತಿಂಗಳನ್ನು ನೋಡಿ 590 ಇಲ್ಲವೆ 591 ಕೂಡಿಸಿದರೆ ಇಸವಿ ಬರುತ್ತದೆ. ಮೊದಲ ಯಾದಿಗೆ ಅರ್ಹನಾಗಲು ಒಬ್ಬನು ಸುಮಾರಾಗಿ ಫಸಲಿ 1338ರ ನಡುಭಾಗದ ಒಳಗೆ ಜನಿಸಿರಬೇಕಾಗಿತ್ತು. ದಾಖಲೆಯಿದ್ದವನಿಗೇ ಈ ಲೆಕ್ಕ ತೊಡಕು. ದಾಖಲೆಯಿಲ್ಲದ ಒಕ್ಕಲಿಗನಿಗೆ ಬರ, ಬೇನೆ, ಮದುವೆ, ಜಾತ್ರೆಗಳೇ ಪಂಚಾಂಗ. ಇಡೀ ದೇಶಕ್ಕೆ ಒಂದೇ ಬಗೆಯ ಜನನ ಮರಣ ನೋಂದಣಿಯ ಕಾಯಿದೆ ಬಂದುದು 1969ರಲ್ಲಿ. ಅದಕ್ಕೆ ಮುಂಚೆ ಹುಟ್ಟಿದ ಹಳ್ಳಿಗರಲ್ಲಿ ಜನನಪತ್ರವಿರುವವರು ಇಂದಿಗೂ ವಿರಳ.

ಎಲ್ಲಕ್ಕಿಂತ ಜಟಿಲವಾದುದು ಹೆಸರು. 1884ರಲ್ಲಿ ಪಾರಸಿಯ ಸ್ಥಾನಕ್ಕೆ ಬಂದ ಉರ್ದುವೇ ಸಂಸ್ಥಾನದ ದಫ್ತರಿನ ಭಾಷೆ. ಉರ್ದು ಲಿಪಿಯಲ್ಲಿ ಹ್ರಸ್ವಸ್ವರಗಳನ್ನು ಬರೆಯುವ ರೂಢಿಯಿಲ್ಲ. ಳಕಾರ ಣಕಾರಗಳಿಗೆ ಪ್ರತ್ಯೇಕ ಅಕ್ಷರಗಳೂ ಇಲ್ಲ. ಕನ್ನಡ, ಮರಾಠಿ, ತೆಲುಗು ಮಾತನಾಡುವವರ ಹೆಸರುಗಳು ಆ ಲಿಪಿಗೆ ಹೋಗಿ, ಅಲ್ಲಿಂದ ಮತ್ತೆ ಕನ್ನಡಕ್ಕೆ ಬರುವಾಗ ರೂಪ ಕಳೆದುಕೊಳ್ಳುವುದು ಸಹಜ. ಹೊರಗೆ ಉರ್ದು ಫಲಕ ತೂಗಿಸಿ ಒಳಗೆ ಕನ್ನಡ ಕಲಿಸಿದ ಭಾಲ್ಕಿಯ ಚೆನ್ನಬಸವ ಪಟ್ಟದ್ದೇವರನ್ನು ಈ ಜಿಲ್ಲೆಯವರು ಇಂದಿಗೂ ನೆನೆಯುತ್ತಾರೆ. ಅಂಥ ಶ್ರಮದಿಂದ ಅಕ್ಷರ ಕಲಿತವನು ತನ್ನ ಹೆಸರನ್ನು ತಾನೇ ತಿದ್ದಿಸಿಕೊಳ್ಳಬಲ್ಲವನಾದನು. ಉಳಿದವರ ಹೆಸರು ಬರೆದುಕೊಂಡವನ ಕಿವಿಯನ್ನೇ ನಂಬಬೇಕಾಯಿತು.

ಹೆಂಗಸರ ತೊಡಕು ಇನ್ನೂ ಆಳವಾದುದು. ಗಂಡನ ಹೆಸರನ್ನು ನೇರವಾಗಿ ಉಚ್ಚರಿಸದೆ ಒಡಪಿನಲ್ಲಿ ಹೆಣೆದು ಹೇಳುವುದು ಈ ಕಡೆಯ ಸಂಪ್ರದಾಯ. ತವರಿನ ಹೆಸರು ಒಂದು, ಮದುವೆಯಲ್ಲಿ ಅಕ್ಕಿಯ ಮೇಲೆ ಬರೆದು ಇಟ್ಟ ಹೆಸರು ಇನ್ನೊಂದು ಎಂಬ ಪದ್ಧತಿಯೂ ಕೆಲವು ಮನೆತನಗಳಲ್ಲಿ ಉಂಟು. ಊರಿನ ಬಾಯಲ್ಲಿ ಅವಳು ಇಂಥವನ ಹೆಂಡತಿ, ಇಂಥವನ ತಾಯಿ. ದೇಶದಾದ್ಯಂತ ಹಾಗೆ ಮಾತ್ರ ಹೇಳಿಕೊಂಡು ಸ್ವಂತ ಹೆಸರು ತಿಳಿಸದ ಸುಮಾರು 28 ಲಕ್ಷ ಸ್ತ್ರೀಯರನ್ನು ಮೊದಲ ಮುಖ್ಯ ಚುನಾವಣಾ ಆಯುಕ್ತರಾದ ಸುಕುಮಾರ ಸೇನರು ಯಾದಿಯಿಂದ ತೆಗೆಯಿಸಿದರು. ಅವರು ಬಹುಮಟ್ಟಿಗೆ ಉತ್ತರದ ಪ್ರಾಂತಗಳವರು. ಈ ನಿಷ್ಠುರತೆಯಿಂದ ಆ ಚುನಾವಣೆಯಲ್ಲಿ ಲಕ್ಷಾಂತರ ಸ್ತ್ರೀಯರು ಮತ ಕಳೆದುಕೊಂಡುದು ನಿಜ. ಮುಂದಿನ ಸಲ ಹೆಸರು ಹೇಳಲೇಬೇಕೆಂಬ ಎಚ್ಚರ ಮೂಡಿದುದೂ ನಿಜ.

ಯಾದಿ ಸಿದ್ಧವಾಗಿ 1951–52ರ ಚುನಾವಣೆಯೂ ನಡೆದ ಮೇಲೆ ನೆಲವೇ ವಿಭಾಗವಾಯಿತು. 1956ರ ನವೆಂಬರ 1ರಂದು ಬೀದರ, ಭಾಲ್ಕಿ, ಔರಾದ, ಹುಮನಾಬಾದ ತಾಲೂಕುಗಳು ಮೈಸೂರು ರಾಜ್ಯಕ್ಕೆ ಬಂದವು. ಉದಗೀರ, ನಿಲಂಗಾ, ಅಹಮದಪುರ ಮುಂಬಯಿ ರಾಜ್ಯಕ್ಕೂ, ನಾರಾಯಣಖೇಡ ಮತ್ತು ಜಹೀರಾಬಾದದ ಬಹುಭಾಗ ಆಂಧ್ರಪ್ರದೇಶಕ್ಕೂ ಹೋದವು. ಗಡಿಯು ನಕಾಶೆಯಲ್ಲಿ ಬಿದ್ದರೂ ಬೀಗತನ ಮುರಿಯಲಿಲ್ಲ. ಉದಗೀರದಿಂದ ಭಾಲ್ಕಿಗೆ, ನಾರಾಯಣಖೇಡದಿಂದ ಔರಾದಕ್ಕೆ ಸೊಸೆಯಾಗಿ ಬಂದವಳ ಶಾಲೆಯ ದಾಖಲೆ ಈಗ ಬೇರೆ ರಾಜ್ಯದ್ದು, ಬೇರೆ ಲಿಪಿಯದು. ಒಂದೇ ಜಿಲ್ಲೆಯೊಳಗಿನ ಪ್ರಯಾಣವಾಗಿದ್ದುದು ಎರಡು ಸರಕಾರಗಳ ನಡುವಿನ ಪತ್ರವ್ಯವಹಾರವಾಯಿತು.

ಮುಂದೆ ಕಾಗದದ ಬಲ ಬೆಳೆಯುತ್ತ ಹೋಯಿತು. 1989ರಲ್ಲಿ ಮತದ ವಯಸ್ಸು ಹದಿನೆಂಟಕ್ಕೆ ಇಳಿಯಿತು. 1993ರಲ್ಲಿ ಟಿ. ಎನ್. ಶೇಷನ್ನರ ಕಾಲಕ್ಕೆ ಭಾವಚಿತ್ರವುಳ್ಳ ಗುರುತಿನ ಚೀಟಿ ಬಂದಿತು. ಕಳ್ಳಮತವನ್ನು ತಡೆಯಲು ಅದು ಉಪಯುಕ್ತವೇ ಸರಿ. ಆದರೆ ಚೀಟಿ ಕೈಯಲ್ಲಿದ್ದರೂ ಯಾದಿಯಲ್ಲಿ ಹೆಸರಿಲ್ಲದಿದ್ದರೆ ಮತವಿಲ್ಲವೆಂಬುದನ್ನು ಅನೇಕರು ಮತಗಟ್ಟೆಯ ಬಾಗಿಲಲ್ಲಿ ಮೊದಲ ಬಾರಿಗೆ ತಿಳಿಯುತ್ತಾರೆ. ಹೆಸರು ಹೋಗುವುದಕ್ಕೆ ಸ್ವಂತ ತಪ್ಪೇ ಆಗಬೇಕೆಂದಿಲ್ಲ. ನೆರೆಯ ಕಲಬುರಗಿ ಜಿಲ್ಲೆಯ ಆಳಂದ ಕ್ಷೇತ್ರದಲ್ಲಿ 2023ರ ವಿಧಾನಸಭಾ ಚುನಾವಣೆಗೆ ಮುಂಚೆ ಹೆಸರು ತೆಗೆಯಬೇಕೆಂದು 6,018 ಅರ್ಜಿಗಳು ಬಂದಿದ್ದವು. ವಿಚಾರಣೆ ನಡೆಸಿದಾಗ ಅವುಗಳಲ್ಲಿ ಸರಿಯಾದವು 24 ಮಾತ್ರವೆಂದು ತಿಳಿದು, ಉಳಿದವನ್ನು ತಳ್ಳಿಹಾಕಲಾಯಿತು. ಕಚೇರಿಯು ವಿಚಾರಿಸದೆ ಒಪ್ಪಿಕೊಂಡಿದ್ದರೆ ಸಾವಿರಾರು ಮಂದಿ ಅರಿಯದೆಯೇ ಹಕ್ಕುಗೇಡಿಗಳಾಗುತ್ತಿದ್ದರು.

ಕಾಯಿದೆಯ ಮೂಲಭಾವವಾದರೋ ಇಂದಿಗೂ ಬಡವನ ಪಕ್ಷದಲ್ಲಿಯೇ ಇದೆ. ಯಾದಿಯಲ್ಲಿ ಹಿಂದೆ ಇದ್ದವನ ಹೆಸರನ್ನು ಕಾರಣ ತಿಳಿಸದೆ, ಅವನ ಮಾತು ಕೇಳದೆ ತೆಗೆಯಕೂಡದೆಂದು 1995ರಲ್ಲಿ ಸರ್ವೋಚ್ಚ ನ್ಯಾಯಾಲಯವು ಲಾಲ್ ಬಾಬು ಹುಸೇನರ ಮೊಕದ್ದಮೆಯಲ್ಲಿ ತೀರ್ಪಿತ್ತಿತು. ಮತಗಟ್ಟೆಯಲ್ಲಿ ಒಬ್ಬನ ಗುರುತನ್ನು ಪ್ರಶ್ನಿಸುವವನು ಎರಡು ರೂಪಾಯಿ ಠೇವಣಿಯಿಟ್ಟು ಮೊದಲು ತಾನು ಪುರಾವೆ ಕೊಡಬೇಕು; ಬಲ್ಲವರು ಪ್ರಮಾಣಮಾಡಿ ಹೇಳುವ ಸಾಕ್ಷಿಗೂ ಅಲ್ಲಿ ಅವಕಾಶವುಂಟು. ಕೆಲಸಕ್ಕಾಗಿ ತಾತ್ಪೂರ್ತಿಕವಾಗಿ ಊರು ಬಿಟ್ಟವನು ಆ ಊರಿನ ನಿವಾಸಿಯಾಗಿ ಉಳಿಯುತ್ತಾನೆಂದು 1950ರ ಕಾಯಿದೆಯೇ ಹೇಳುತ್ತದೆ. ಔರಾದದ ತಾಂಡಾಗಳಿಂದ ದುಡಿಮೆಗಾಗಿ ಹೈದರಾಬಾದಕ್ಕೋ ಪುಣೆಗೋ ಹೋಗಿ ಬರುವ ಲಂಬಾಣಿಗರಿಗೆ ಇದಕ್ಕಿಂತ ದೊಡ್ಡ ಆಧಾರವಿಲ್ಲ. ಆದರೆ ಮನೆಗೆ ಬೀಗ ಕಂಡು ಹೆಸರು ಹೊಡೆಯುವ ದಿನ ಈ ವಾಕ್ಯವನ್ನು ಎತ್ತಿ ತೋರಿಸುವವರು ಅಲ್ಲಿ ಇರಬೇಕಷ್ಟೆ.

1950ರಲ್ಲಿ ಯಾದಿಯು ಜನರ ಬಾಯಿಮಾತಿನಿಂದ ಹುಟ್ಟಿತು. ಇಂದು ಅದು ಕಾಗದಗಳಿಂದ ಬೆಳೆಯುತ್ತಿದೆ. ಲಿಪಿ, ಶಕೆ, ಗಡಿ ಮೂರೂ ಬದಲಾದ ಬೀದರ ಸೀಮೆಯಲ್ಲಿ ಕಾಗದವು ಎಲ್ಲರಲ್ಲಿಯೂ ಸಮನಾಗಿಲ್ಲ; ನೆರೆಯವರ ಅರಿವು ಮಾತ್ರ ಓಣಿ ಓಣಿಯಲ್ಲಿಯೂ ಉಂಟು. ಕರಡು ಯಾದಿ ಪ್ರಕಟವಾದಾಗ ಓದಬಲ್ಲ ಮನೆಯವರು ತಮ್ಮ ಹೆಸರನ್ನು ಮಾತ್ರ ನೋಡಿ ಹಿಂದಿರುಗದೆ, ಮನೆಗೆಲಸದವಳ ಹೆಸರನ್ನೂ ಮಗ್ಗುಲ ಮನೆಯ ಮುದುಕನ ಹೆಸರನ್ನೂ ಅದರಲ್ಲಿ ಹುಡುಕಿ, ಇಲ್ಲದಿದ್ದರೆ ಅರ್ಜಿ ಬರೆದುಕೊಟ್ಟರೆ, ಹಳೆಯ ಯಾದಿಯಲ್ಲಿ ಊರು ಮಾಡಿದ ಕೆಲಸ ಹೊಸ ಯಾದಿಯಲ್ಲಿಯೂ ಮುಂದುವರಿದಂತಾಗುತ್ತದೆ.