ಹಳಿ ಯಾರದೋ ಗಿರಾಕಿ ಅವರದೇ

ಆಟಿಕೆ ರೈಲಿನ ವ್ಯಾಪಾರದಲ್ಲಿ ಲಾಭದ ಗುಟ್ಟು ಎಂಜಿನ್‌ನಲ್ಲಿಲ್ಲ, ಹಳಿಯಲ್ಲಿದೆ. ಇದನ್ನು ಮೊದಲೇ ಅರಿತವರು ನ್ಯೂಯಾರ್ಕಿನ ಜೋಶುವಾ ಲಯನೆಲ್ ಕೋವನ್. 1900ರಲ್ಲಿ ಆರಂಭವಾದ ಅವರ ಲಯನೆಲ್ ಕಂಪನಿ 1906ರಲ್ಲಿ ಎರಡು ಇಂಚಿಗೆ ತುಸು ಹೆಚ್ಚು ಅಗಲದ, ನಡುವೆ ಮೂರನೆಯ ಕಂಬಿಯಿರುವ ಹಳಿಯನ್ನು ತಂದು 'ಸ್ಟ್ಯಾಂಡರ್ಡ್ ಗೇಜ್' ಎಂದು ಕರೆಯಿತು. ಆ ಅಳತೆಯನ್ನು ಅದುವರೆಗೆ ಬೇರೆ ಯಾರೂ ಬಳಸಿರಲಿಲ್ಲ! ಒಮ್ಮೆ ಈ ಹಳಿ ಕೊಂಡ ಮನೆಯವರು ಮುಂದಿನ ಬೋಗಿಗೂ ಲಯನೆಲ್ ಬಳಿಯೇ ಬರಬೇಕಿತ್ತು.

ಕನೆಕ್ಟಿಕಟ್‌ನ ಐವ್ಸ್ 1868ರಿಂದಲೂ ಆಟಿಕೆ ಮಾಡುತ್ತಿದ್ದ ಹಳೆಯ ಕಂಪನಿ. ತನ್ನದೇ ಅಳತೆಗೆ ಅಂಟಿಕೊಂಡಿದ್ದ ಅದು 1921ರಲ್ಲಿ ಮಣಿದು ಲಯನೆಲ್ ಅಗಲಕ್ಕೆ ಬಂತು. ಶಿಕಾಗೋದ ಅಮೆರಿಕನ್ ಫ್ಲೈಯರ್ 1925ರಲ್ಲಿ ಹಿಂಬಾಲಿಸಿತು. ಒಬ್ಬರ ಹಳಿಯ ಮೇಲೆ ಇನ್ನೊಬ್ಬರ ಗಾಡಿ ಓಡತೊಡಗಿದ್ದೇ ತಡ, ಪೈಪೋಟಿ ಗಾಡಿಯ ಮೇಲಕ್ಕೇರಿತು. ಹೊಳೆಯುವ ಬಣ್ಣ, ಹಿತ್ತಾಳೆಯ ಅಲಂಕಾರ, ಒಳಗೆ ದೀಪ. ವಿದ್ಯುತ್ತನ್ನು ಒಮ್ಮೆ ತಡೆದು ಮತ್ತೆ ಕೊಟ್ಟರೆ ಎಂಜಿನ್ ನಿಲ್ಲುವ, ಹಿಂದಕ್ಕೆ ಚಲಿಸುವ ಸಾಧನವನ್ನು ಐವ್ಸ್ 1924ರಲ್ಲಿ ತಂದಿತು. ಗಿರಾಕಿಗೆ ಸುಗ್ಗಿ, ಐವ್ಸ್‌ಗೆ ಸಾಲ. 1928ರಲ್ಲಿ ಅದು ದಿವಾಳಿಯಾದಾಗ ಇಬ್ಬರು ಪ್ರತಿಸ್ಪರ್ಧಿಗಳೂ ಸೇರಿ ಅದನ್ನು ಕೊಂಡರು. ಕೊನೆಗೆ ಅದು ಪೂರ್ತಿ ಲಯನೆಲ್ ಪಾಲಾಯಿತು. ಐವ್ಸ್ ತಂದಿದ್ದ ಆ ಸಾಧನ ಲಯನೆಲ್ ಎಂಜಿನ್‌ಗಳೊಳಗೆ ಸೇರಿತು.

ಆರ್ಥಿಕ ಕುಸಿತ ದೊಡ್ಡ ಗಾಡಿಗಳ ಕಾಲವನ್ನು ಮುಗಿಸಿತು. ಲಯನೆಲ್ ಕೂಡ 1934ರಲ್ಲಿ ಕೋರ್ಟಿನ ಆಡಳಿತಾಧಿಕಾರಿಯ ಕೈಕೆಳಗೆ ಹೋಯಿತು. ಆಗ ಅದರ ಒಂದು ಡಾಲರಿನ ಮಿಕಿ ಮೌಸ್ ಗಾಡಿಗೆ ಭಾರೀ ಬೇಡಿಕೆ ಬಂತು.

ಎರಡನೆಯ ಸುತ್ತಿನ ಕಾದಾಟ ಯುದ್ಧಾನಂತರದ್ದು. ಒಲಿಂಪಿಕ್ಸ್‌ನಲ್ಲಿ ಪೋಲ್ ವಾಲ್ಟ್ ಚಿನ್ನ ಗೆದ್ದಿದ್ದ ಆಟಿಕೆ ತಯಾರಕ ಎ.ಸಿ. ಗಿಲ್ಬರ್ಟ್ 1938ರಲ್ಲಿ ಅಮೆರಿಕನ್ ಫ್ಲೈಯರ್ ಕೊಂಡು, 1946ರಲ್ಲಿ ಎರಡೇ ಕಂಬಿಯ 'ಎಸ್ ಗೇಜ್' ಹೊರತಂದರು. ನಿಜವಾದ ರೈಲಿಗೆ ಮೂರು ಕಂಬಿ ಎಲ್ಲಿದೆ ಎಂಬುದೇ ಅವರ ವಾದ. ಮಕ್ಕಳ ಮನೆಗಳಲ್ಲಿ ಹಳಿ ಹಾಸಿಯಾಗಿದ್ದ ಲಯನೆಲ್‌ಗೆ ಮೂರನೆಯ ಕಂಬಿ ಕಿತ್ತುಹಾಕುವುದು ಸಾಧ್ಯವಿರಲಿಲ್ಲ. ಹಾಗಾಗಿ ನೋಟದ ಸಾಮ್ಯವನ್ನು ಬಿಟ್ಟು ಅದು ಆಟದ ಚಮತ್ಕಾರಕ್ಕೆ ಕೈಹಾಕಿತು: ಹೊಗೆ ಬಿಡುವ ಎಂಜಿನ್, ಪುಟ್ಟ ಆಳು ಹಾಲಿನ ಕ್ಯಾನು ತಳ್ಳುವ 1947ರ ಬೋಗಿ, 1950ರಲ್ಲಿ ಏರಿನಲ್ಲೂ ಜಾರದಂತೆ ಚಕ್ರವನ್ನು ಕಂಬಿಗೆ ಹಿಡಿದಿಡುವ ಅಯಸ್ಕಾಂತ. ಗಿಲ್ಬರ್ಟ್‌ನ ಗಾಡಿಗಳೂ ಹೊಗೆಯೊಂದಿಗೆ 'ಛುಕ್ ಛುಕ್' ಸದ್ದು ಮಾಡಿದವು.

ಐವತ್ತರ ದಶಕದ ಕೊನೆಗೆ ಚಿಕ್ಕ, ಅಗ್ಗದ 'ಎಚ್‌ಒ' ಅಳತೆಯ ರೈಲು ಇಬ್ಬರ ಗಿರಾಕಿಯನ್ನೂ ಕಸಿಯತೊಡಗಿತು. 1957ರಲ್ಲಿ ಲಯನೆಲ್ ಹುಡುಗಿಯರಿಗೆಂದು ತಂದ ಗುಲಾಬಿ ಬಣ್ಣದ ರೈಲು ಅಂಗಡಿಯಲ್ಲೇ ಉಳಿಯಿತು. ಗಿಲ್ಬರ್ಟ್ ಕಂಪನಿ 1967ರಲ್ಲಿ ಮುಳುಗಿದಾಗ ಫ್ಲೈಯರ್ ಹೆಸರು, ಅಚ್ಚುಗಳು ಲಯನೆಲ್‌ಗೆ ಹೋದವು. ಹಳಿಗಾಗಿ ಹೋರಾಡುವವರೇ ಉಳಿಯಲಿಲ್ಲವಾದ್ದರಿಂದ, ಎರಡು ಕಂಬಿಯ ಎಸ್ ಗೇಜ್ ಮನೆಗಳಿಗೆ ಫ್ಲೈಯರ್ ಹೆಸರಿನ ಗಾಡಿಗಳು ಮತ್ತೆ ಬಂದದ್ದು 1979ರಲ್ಲಿ, ಅದೂ ಹಳೆಯ ಎದುರಾಳಿ ಲಯನೆಲ್ ಮೂಲಕ.