ಕೆಲ್ಟರ ನಾಡುಗಳೂ ನಮ್ಮ ಬೆಳ್ವೊಲವೂ

ಪ್ಯಾರಿಸ್ ನಗರದ ಹೆಸರನ್ನು ಕೇಳದವರು ನಮ್ಮಲ್ಲಿ ವಿರಳ. ಆದರೆ ಅದು ಮೂಲದಲ್ಲಿ ಒಂದು ಬುಡಕಟ್ಟಿನ ಹೆಸರೆಂಬುದನ್ನು ಬಲ್ಲವರು ಅಷ್ಟು ಮಂದಿ ಇರಲಾರರು. ಸೀನ್ ನದಿಯ ದಡದಲ್ಲಿ ಪಾರಿಸಿಯರೆಂಬ ಕೆಲ್ಟ್ ಜನ ವಾಸವಾಗಿದ್ದರು. ಅವರ ಊರಿಗೆ ಲುಟೀಷಿಯ ಎಂದು ಹೆಸರು. ರೋಮನರ ಆಳ್ವಿಕೆಯ ಕೊನೆಗಾಲದಲ್ಲಿ ಊರಿನ ಹೆಸರು ಮರೆಯಾಗಿ ಜನದ ಹೆಸರೇ ಊರಿಗೆ ನಿಂತಿತು. ಹೀಗೆಯೇ ರೆಮಿಯರಿಂದ ರೀಮ್ಸ್ ನಗರಕ್ಕೂ, ಬೋಯಿಯರಿಂದ ಬೊಹೀಮಿಯ ದೇಶಕ್ಕೂ, ಬೆಲ್ಗೆಯರಿಂದ ಬೆಲ್ಜಿಯಮ್ಮಿಗೂ ಹೆಸರು ಬಂದಿತು. ಕ್ರಿ. ಪೂ. 278ರ ಸುಮಾರಿಗೆ ಏಷ್ಯಾ ಮೈನರಿಗೆ ದಾಟಿದ ಕೆಲ್ಟರು ಅಲ್ಲಿಯೂ ಗಲೇಷಿಯ ಎಂಬ ತಮ್ಮ ಹೆಸರನ್ನು ನೆಲಕ್ಕೆ ಕೊಟ್ಟರು. ಕ್ರಿ. ಪೂ. 58ರಲ್ಲಿ ದಂಡೆತ್ತಿ ಹೋದ ಜೂಲಿಯಸ್ ಸೀಸರನು ಗಾಲ್ ದೇಶದಲ್ಲಿ ಕಂಡದ್ದು ಇಂಥ ಹತ್ತಾರು ಬುಡಕಟ್ಟುಗಳ ಸೀಮೆಗಳನ್ನೇ.

ಜನ ಮೊದಲು, ನೆಲದ ಹೆಸರು ಆಮೇಲೆ. ಇದು ಕೆಲ್ಟರ ಕ್ರಮ. ನಮ್ಮ ಕನ್ನಡನಾಡಿನ ಪ್ರಾಚೀನ ವಿಭಾಗಗಳನ್ನು ಇದರೊಡನೆ ಹೋಲಿಸಿ ನೋಡುವುದು ಸ್ವಾರಸ್ಯವಾದ ವಿಷಯ. ಅರಸುಮನೆತನಗಳಿಂದ ಹೆಸರು ಪಡೆದ ನಾಡುಗಳು ನಮ್ಮಲ್ಲಿಯೂ ಉಂಟು. ಗಂಗರಿಂದ ಗಂಗವಾಡಿ 96000, ನೊಳಂಬರಿಂದ ನೊಳಂಬವಾಡಿ 32000 ಎಂಬ ಹೆಸರುಗಳು ಬಂದವು. ಆದರೆ ಇಲ್ಲಿ ಒಂದು ವಿಶೇಷವಿದೆ. ಗಂಗರಿಂದ ಹೆಸರಾದ ನಾಡು ತನ್ನ ಹೆಸರನ್ನು ಮತ್ತೆ ಒಕ್ಕಲುಮಕ್ಕಳಿಗೆ ಕೊಟ್ಟಿತು. ಗಂಗವಾಡಿಕಾರರೇ ಇಂದಿನ ಗಂಗಡಿಕಾರ ಒಕ್ಕಲಿಗರು. ಅರಸರು ಅಳಿದರು, ಹೆಸರು ಉಳುವವರಲ್ಲಿ ಉಳಿಯಿತು.

ಉತ್ತರಕ್ಕೆ ಹೋದರೆ ಅರಸರ ಹೆಸರಿನ ಹಂಗೂ ಇಲ್ಲದ ನಾಡೊಂದು ಕಾಣುತ್ತದೆ. ಅದೇ ಬೆಳ್ವೊಲ 300. ಧಾರವಾಡ ಜಿಲ್ಲೆಯ ಅಣ್ಣಿಗೇರಿ ಇದರ ಮುಖ್ಯ ಪಟ್ಟಣ. ಬೆಳ್ವೊಲವೆಂದರೆ ಬೆಳೆಯುವ ಹೊಲವೆಂದು ವಿದ್ವಾಂಸರು ಅರ್ಥ ಹೇಳುತ್ತಾರೆ. ಅಣ್ಣಿಗೇರಿಯಿಂದ ನವಲಗುಂದದತ್ತ ನಡೆದವರಿಗೆ ಈ ಅರ್ಥವನ್ನು ವಿವರಿಸಬೇಕಾಗಿಲ್ಲ. ಕಣ್ಣು ಹರಿಯುವಷ್ಟು ದೂರ ಕಪ್ಪು ಎರೆಭೂಮಿ, ಅದರಲ್ಲಿ ಜೋಳ, ಹತ್ತಿ, ಕಡಲೆ. ಪಡುವಣ ಕಲಘಟಗಿಯ ಕಡೆಗೆ ತಿರುಗಿದರೆ ಎರೆ ಮುಗಿದು ಕಾಡು ತೊಡಗುತ್ತದೆ. ಆ ದಿಕ್ಕಿನದು ಗೋವೆಯ ಕದಂಬರು ಆಳಿದ ಪಲಸಿಗೆ 12000. ತೆಂಕಣಕ್ಕೆ ಪುಲಿಗೆರೆ 300, ಎಂದರೆ ಇಂದಿನ ಲಕ್ಷ್ಮೇಶ್ವರದ ಸೀಮೆ. ಬೆಳ್ವೊಲ, ಪುಲಿಗೆರೆಗಳೆರಡನ್ನೂ ಕೂಡಿಸಿ ಶಾಸನಗಳು ಎರಡಱುನೂಱು ಎಂದು ಕರೆಯುತ್ತವೆ. ಈ ಸಂಖ್ಯೆಗಳನ್ನು ಹಳ್ಳಿಗಳ ಲೆಕ್ಕವೆಂದು ಕೆಲವರೂ, ಕಂದಾಯದ ಲೆಕ್ಕವೆಂದು ಕೆಲವರೂ ತಿಳಿಯುತ್ತಾರೆ.

ಈ ಫಲವತ್ತಾದ ನೆಲ ಎಷ್ಟು ಕೈಗಳನ್ನು ಕಂಡಿತೆಂಬುದನ್ನು ನೋಡಿರಿ. ಕ್ರಿ. ಶ. 949ರ ತಕ್ಕೋಲದ ಕಾಳಗದಲ್ಲಿ ಗಂಗ ಬೂತುಗನು ಚೋಳ ರಾಜಾದಿತ್ಯನನ್ನು ಕೊಂದನು. ಮೆಚ್ಚಿದ ರಾಷ್ಟ್ರಕೂಟ ಮೂರನೆಯ ಕೃಷ್ಣನು ಅವನಿಗೆ ಕೊಟ್ಟ ನಾಡುಗಳಲ್ಲಿ ಬೆಳ್ವೊಲವೂ ಸೇರಿತ್ತೆಂದು ನಮ್ಮ ಮಂಡ್ಯದ ಕಡೆಯ ಆತಕೂರಿನ ಕಲ್ಲು ಸಾರುತ್ತದೆ. ಬೂತುಗನು ಅಣ್ಣಿಗೇರಿಯಲ್ಲಿ ಬಸದಿಯನ್ನು ಕಟ್ಟಿಸಿದನು. ಮುಂದಿನ ಶತಮಾನದಲ್ಲಿ ಚೋಳರ ದಂಡು ಅದನ್ನು ಹಾಳುಗೆಡವಿತು. 1071ರ ಸುಮಾರಿಗೆ ಚಾಲುಕ್ಯರ ಅಧಿಕಾರಿ ಲಕ್ಷ್ಮರಸನು ಜೀರ್ಣೋದ್ಧಾರ ಮಾಡಿಸಿದನು. ಈ ವೃತ್ತಾಂತವನ್ನು ಹೇಳುವುದು ಗಾವರವಾಡದ ಶಾಸನ. ಕಲ್ಯಾಣದ ಚಾಲುಕ್ಯರಲ್ಲಿ ಕಡೆಯವನಾದ ನಾಲ್ಕನೆಯ ಸೋಮೇಶ್ವರನಿಗೆ ಅಣ್ಣಿಗೇರಿಯೇ ರಾಜಧಾನಿಯಾಯಿತು. ಅನಂತರ ಹೊಯ್ಸಳರೂ ಸೇವುಣರೂ ಇದಕ್ಕಾಗಿ ಕಾದಾಡಿದರು. ಇಷ್ಟಾದರೂ ಯಾವ ಅರಸುಕುಲವೂ ಈ ನೆಲಕ್ಕೆ ತನ್ನ ಹೆಸರನ್ನು ಅಂಟಿಸಲಾರದೆ ಹೋಯಿತು.

ಹೆಸರಿಗಿಂತ ಹಿರಿದಾದ ಇನ್ನೊಂದು ಸಂಗತಿಯುಂಟು. ಒಂಬತ್ತನೆಯ ಶತಮಾನದ ಕವಿರಾಜಮಾರ್ಗವು ಕಿಸುವೊಳಲು, ಕೊಪಣ, ಪುಲಿಗೆರೆ, ಒಂಕುಂದ ಎಂಬ ನಾಲ್ಕು ಊರುಗಳ ನಡುವಣ ನುಡಿಯನ್ನು ಕನ್ನಡದ ತಿರುಳೆಂದು ಎಣಿಸುತ್ತದೆ. ಅಣ್ಣಿಗೇರಿ, ನವಲಗುಂದಗಳು ಈ ನಾಲ್ಕರ ನಡುವೆಯೇ ಇವೆ. 941ರಲ್ಲಿ ವಿಕ್ರಮಾರ್ಜುನವಿಜಯವನ್ನು ಮುಗಿಸಿದ ಪಂಪನ ತಾಯಿಯ ತವರೂ ಅಣ್ಣಿಗೇರಿಯೇ.

ಈಗ ಗಾಲ್ ದೇಶಕ್ಕೆ ಮರಳೋಣ. ಅಲ್ಲಿ ಬುಡಕಟ್ಟುಗಳ ಹೆಸರು ಭೂಪಟದಲ್ಲಿ ಸ್ಥಿರವಾಗಿ ನಿಂತಿತು. ಆದರೆ ಅವರಾಡುತ್ತಿದ್ದ ನುಡಿ ಲ್ಯಾಟಿನ್ನಿಗೆ ಎಡೆಗೊಟ್ಟು ಅಳಿಯಿತು. ಪ್ಯಾರಿಸ್ಸಿನಲ್ಲಿ ಇಂದು ಪಾರಿಸಿಯರ ಮಾತನ್ನು ಆಡುವವರಿಲ್ಲ. ಬೆಳ್ವೊಲ ಮುನ್ನೂರಾದರೋ ಭೂಪಟದಲ್ಲಿ ಇಲ್ಲ. ತಾಲ್ಲೂಕು, ಜಿಲ್ಲೆಗಳು ಅದರ ಎಲ್ಲೆಗಳನ್ನು ಅಳಿಸಿವೆ. ಆದರೂ ಆ ಕಡೆಯ ಒಕ್ಕಲಿಗನು ತನ್ನ ಸೀಮೆಯನ್ನು ಬೆಳವಲವೆಂದೇ ಕರೆಯುತ್ತಾನೆ, ಕನ್ನಡದಲ್ಲಿಯೇ ಕರೆಯುತ್ತಾನೆ. ನಾಡಿನ ಬಾಳಿಕೆಯನ್ನು ಅಳೆಯುವಾಗ ಭೂಪಟವೊಂದನ್ನೇ ನಂಬಿದರೆ ಸಾಲದು. ಅಲ್ಲಿ ಉಳುವವನ ಮಾತಿಗೂ ಕಿವಿಗೊಡಬೇಕು.